ನಾರೆಥಿಸ್ಟೆರೋನ್ 5 ಮಿ.ಗ್ರಾಂ: ಎಂಟು ತಿಂಗಳು ನುಂಗಿದ ಮೇಲೆ

ಅತಿಯಾದ ಮುಟ್ಟಿನ ಸ್ರಾವ ನಿಲ್ಲಿಸುವ ಈ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ.

ನನಗೀಗ 43. ಮುಟ್ಟು ಹನ್ನೆರಡು ದಿನ ಎಳೆಯುತ್ತಿತ್ತು, ಅದೂ ಗಡ್ಡೆಗಡ್ಡೆಯಾಗಿ. ಹಿಮೋಗ್ಲೋಬಿನ್ 8ಕ್ಕೆ ಇಳಿದು, ಶಾಲೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಲ್ಲುವ ಹಾಗಾಗಿತ್ತು. ಡಾಕ್ಟರು ಸ್ಕ್ಯಾನು, ಥೈರಾಯ್ಡು, ಗರ್ಭಕೋಶದ ಒಳಪದರದ ಬಯಾಪ್ಸಿ ಎಲ್ಲ ಮುಗಿಸಿದ ಮೇಲೇ ಚೀಟಿ ಬರೆದದ್ದು: ದಿನಕ್ಕೆ ಮೂರರಂತೆ ಹತ್ತು ದಿನ. ಮೂರನೇ ದಿನ ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಅವತ್ತು ರಾತ್ರಿ ಹಳೇ ಬೆಡ್‌ಶೀಟ್ ಮಡಚಿ ಕೆಳಗೆ ಹಾಸದೆ ಮಲಗಿದೆ.

ಹತ್ತು ದಿನ ಮುಗಿದು ಎರಡು ದಿನಕ್ಕೆ, ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿರುವಾಗ, ಮತ್ತೆ ಶುರು! ಮನೆಗೆ ಬಂದು ಅತ್ತೆ. ಔಷಧಿ ಕೈಕೊಟ್ಟಿತು ಅಂದುಕೊಂಡು, ಸ್ಟ್ರಿಪ್‌ನಲ್ಲಿ ಉಳಿದಿದ್ದ ಮಾತ್ರೆ ನುಂಗಲು ನೀರೂ ತಂದಿಟ್ಟುಕೊಂಡಿದ್ದೆ. ಮಾರನೇ ದಿನ ಡಾಕ್ಟರು ನಕ್ಕು, "ಬರಲೇಬೇಕಮ್ಮ, ಬರದಿದ್ದರೇ ಯೋಚನೆ" ಅಂದರು. ಹಾರ್ಮೋನು ಇರುವ ತನಕ ಒಳಪದರ ಗಟ್ಟಿಯಾಗಿ ಕೂತಿರುತ್ತದಂತೆ. ಬಿಟ್ಟ ಎರಡು-ನಾಲ್ಕು ದಿನಕ್ಕೆ ಗೋಡೆಯ ಗಾರೆ ಉದುರಿದ ಹಾಗೆ ಉದುರುತ್ತದಂತೆ. ಇದನ್ನು ಮೊದಲೇ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಪೆಟ್ಟಿಗೆಯೊಳಗಿನ ಕಾಗದ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿದೆ. ಔಷಧಿ ಅಂಗಡಿಯವನು ಸ್ಟ್ರಿಪ್ ಕತ್ತರಿಸುವಾಗ ಅದನ್ನೂ ಕೊಡಲಿಲ್ಲ.

ಆಮೇಲೆ ಚೀಟಿ ಬದಲಾಯಿತು, ಮುಟ್ಟಿನ 5ನೇ ದಿನದಿಂದ 25ರವರೆಗೆ. ಬೆಳಗಿನದು ತಿಂಡಿ ಆದ ತಕ್ಷಣ, ಮಧ್ಯಾಹ್ನದ್ದು ಬಿಸಿಯೂಟದ ಗಂಟೆಗೆ, ರಾತ್ರಿಯದು ಪಾತ್ರೆ ಕವುಚಿದ ಮೇಲೆ. ಸ್ಟ್ರಿಪ್ ಕನ್ನಡಕದ ಡಬ್ಬಿಯಲ್ಲಿ ಇರುತ್ತದೆ. ಮಧ್ಯಾಹ್ನದ್ದು ಮರೆತ ಒಂದೆರಡು ಸಲ ಸಂಜೆಗೇ ಕಲೆ ಕಂಡಿದೆ. ಕಬ್ಬಿಣದ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ಆದರೆ ಅದರ ಜತೆ ಕಾಫಿ ಕುಡಿಯಬಾರದು. ಎಂಟು ತಿಂಗಳಲ್ಲಿ ನಿಜವಾಗಿ ನೋವಾಗಿದ್ದು ಇದೊಂದೇ. ಹೊಟ್ಟೆ ಉಬ್ಬರ, ಸ್ತನದ ಬಿಗಿತ ಮೊದಲ ಎರಡು ತಿಂಗಳು ಇತ್ತು, ಈಗಿಲ್ಲ. ಹಿಮೋಗ್ಲೋಬಿನ್ 11. ಗರ್ಭಕೋಶದೊಳಗೆ ಇಡುವ, ಐದು ವರ್ಷ ನಡೆಯುವ ಹಾರ್ಮೋನ್ ವಂಕಿಯ ಮಾತೂ ಬಂದಿತ್ತು, ಬೆಲೆ ಕೇಳಿ ಎದ್ದು ಬಂದೆ. ಮಗನ ಕಾಲೇಜು ಫೀಸು ಮುಗಿಯಲಿ, ನೋಡೋಣ. ಇನ್ನೊಂದು ವಿಷಯ: ಇದು ಗರ್ಭನಿರೋಧಕ ಅಲ್ಲ, ಹಾಗಂದುಕೊಂಡವರು ನಮ್ಮ ಸ್ಟಾಫ್‌ರೂಮಿನಲ್ಲೇ ಇಬ್ಬರಿದ್ದಾರೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಪಕ್ಕದ ಮನೆಯವರು ಬಂದು, "ಮುಂದಕ್ಕೆ ಹಾಕೋಕೆ ಆರು ಮಾತ್ರೆ ಕೊಡ್ರಿ" ಅಂದರು. ಬಾಣಂತನದಲ್ಲಿ ಅವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದು ನನಗೆ ಗೊತ್ತು. ಅಂಥವರು ಇದನ್ನು ಮುಟ್ಟಲೇಬಾರದು ಅಂತಲೇ ನನ್ನ ಡಾಕ್ಟರು, ನನಗೂ ಹಾಗೇನಾದರೂ ಆಗಿತ್ತಾ ಅಂತ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದರು. ಕೊಡಲಿಲ್ಲ. ಕಾರಣ ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಸಿಕ್ಕಿತಂತೆ. ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆದರು, ಹೋದೆ. ಕೂತಷ್ಟು ಹೊತ್ತೂ ಅವರ ಕಾಲನ್ನೇ ನೋಡುತ್ತಿದ್ದೆ.