ಮಗುವಿನ ಕಾರ್ ಸೀಟು: ಬೆಲ್ಟಿನದ್ದೋ, ಐಸೋಫಿಕ್ಸೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ವಾರಕ್ಕೊಮ್ಮೆಯಾದರೂ ಹೋಗಿ ಬರುವವರು ನಾವು. ಮಗುವಿಗೆಂದು ಮೊದಲು ತಂದದ್ದು ಕಾರಿನ ಬೆಲ್ಟಿನಿಂದಲೇ ಕಟ್ಟುವ ಸೀಟು, ಈಗಿರುವುದು ಬೆಲ್ಟಿಲ್ಲದೆ ಕಾರಿನ ಕೊಂಡಿಗಳಿಗೇ ಸಿಕ್ಕಿಸುವ ಐಸೋಫಿಕ್ಸ್. ನನ್ನ ಮತ ಪೂರ್ತಿಯಾಗಿ ಎರಡನೆಯದಕ್ಕೆ. ಅಜ್ಜಿಯ ಮಡಿಲನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಢಿಕ್ಕಿಯಾದರೆ 10 ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಲು ಪೈಲ್ವಾನನಿಂದಲೂ ಆಗದು.

ಬೆಲ್ಟಿನ ಸೀಟಿನ ಮೇಲೆ ನನ್ನ ತಕರಾರು ಒಂದೇ. ಮೊಣಕಾಲೂರಿ, ಬೆಲ್ಟನ್ನು ಕಿಂಡಿಗಳಲ್ಲಿ ತೂರಿಸಿ, ಬೆವರಿಳಿಯುವಷ್ಟು ಜಗ್ಗಿ ಕಟ್ಟುತ್ತಿದ್ದೆ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಹೊರಡುವಾಗ ಕದಲುತ್ತಲೇ ಇರಲಿಲ್ಲ. ಕುಂಬಳೆ ತಲುಪುವಷ್ಟರಲ್ಲಿ ಬೀಳಲಿರುವ ಹಾಲುಹಲ್ಲಿನಂತೆ ಆಡತೊಡಗುತ್ತಿತ್ತು.

ಕಾರಿನ ಬೆಲ್ಟಿನ ಸ್ವಭಾವವೇ ಹಾಗೆ: ರಭಸದಿಂದ ಎಳೆದರೆ ಬಿಗಿದು ನಿಲ್ಲುತ್ತದೆ, ಮೆಲ್ಲಗೆ ಎಳೆದರೆ ಬಿಟ್ಟುಕೊಡುತ್ತದೆ. ಹಂಪು, ಗುಂಡಿ ಬಂದಾಗಲೆಲ್ಲ ಸೀಟು ಕೂದಲೆಳೆಯಷ್ಟು ಸರಿದರೂ ಬೆಲ್ಟು ಅಷ್ಟನ್ನು ಬಿಡುತ್ತದೆ. ಹೆದ್ದಾರಿ ಅಗಲೀಕರಣದ ಕಾಲದಲ್ಲಿ ತಲಪಾಡಿಯವರೆಗೆ ಇಂತಹ ಕುಲುಕಾಟಕ್ಕೆ ಬರವೇ ಇರಲಿಲ್ಲ. ಕೆಲವು ಸೀಟುಗಳಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇರುತ್ತದೆ, ನಮ್ಮದರಲ್ಲಿ ಇರಲಿಲ್ಲ. ಮಂಜೇಶ್ವರದಲ್ಲಿ ಕಾರು ನಿಲ್ಲಿಸಿ, ಆಗಷ್ಟೇ ನಿದ್ದೆ ಹೋದ ಮಗುವನ್ನು ಎತ್ತಿ ಮತ್ತೆ ಜಗ್ಗಬೇಕು. ಆಮೇಲೆ ಮಂಗಳೂರಿನವರೆಗೂ ಅಳು.

ಐಸೋಫಿಕ್ಸ್‌ನಲ್ಲಿ ಆ ರಗಳೆ ಇಲ್ಲ. ಹಿಂದಿನ ಸೀಟಿನ ಒರಗು ಮತ್ತು ಮೆತ್ತೆಯ ಸಂದಿಯಲ್ಲಿ ಕಾರಿನ ಚೌಕಟ್ಟಿಗೇ ಸೇರಿದ ಎರಡು ಕಬ್ಬಿಣದ ಕೊಂಡಿಗಳಿವೆ. ಸೀಟನ್ನು ಅವಕ್ಕೆ ಒತ್ತಿ ‘ಟಕ್’ ಎಂದರೆ ಹಸಿರು ಗುರುತು ಕಾಣಿಸುತ್ತದೆ. ಮೊದಲ ಸಲ ಕೊಂಡಿ ಹುಡುಕುವಾಗ ಬೆರಳ ಗೆಣ್ಣು ತರಚಿತ್ತು, ಅಷ್ಟೇ. ಮುಂದಕ್ಕೆ ಮಗುಚದಂತೆ ಮೂರನೆಯ ಆಧಾರವೂ ಬೇಕು. ನಮ್ಮದಕ್ಕೆ ನೆಲಕ್ಕೆ ಊರುವ ಕಾಲಿದೆ. ಕೆಲವಕ್ಕೆ ಹಿಂದಿನಿಂದ ಬಿಗಿಯುವ ಪಟ್ಟಿ.

ಎರಡರಲ್ಲೂ ಕನಿಷ್ಠ 15 ತಿಂಗಳವರೆಗೆ ಮಗುವಿನ ಮುಖ ಹಿಂದಕ್ಕಿರಲಿ. ಸೀಟಿನ ಬಟ್ಟೆ ಒಗೆಯುವ ಕಷ್ಟ ಎರಡಕ್ಕೂ ಸಮ.

2024ರ ಅಕ್ಟೋಬರ್‌ನಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಮಕ್ಕಳ ಸೀಟು ಕಡ್ಡಾಯವೆಂದಾಗ ಊರಿಡೀ ಅದೇ ಮಾತು. ಸದ್ಯಕ್ಕೆ ಜಾರಿಯಿಲ್ಲವೆಂದು ಸಚಿವರು ಹೇಳಿದ್ದೇ ತಡ, ಎಲ್ಲರೂ ಮರೆತರು. ಆದರೆ 14 ವರ್ಷದೊಳಗಿನವರನ್ನು ಬೆಲ್ಟಿಲ್ಲದೆ, ಮಕ್ಕಳ ಸೀಟಿಲ್ಲದೆ ಕೂರಿಸಿದರೆ 1000 ರೂಪಾಯಿ ದಂಡವೆಂಬುದು 2019ರ ತಿದ್ದುಪಡಿಯಿಂದಲೇ ಕಾನೂನಿನಲ್ಲಿದೆ.

ಬೆಲೆಯಲ್ಲಿ ಮಾತ್ರ ಐಸೋಫಿಕ್ಸ್ ಕೈ ಕಚ್ಚುತ್ತದೆ. ನನಗೆ ಹೆಚ್ಚುಕಡಿಮೆ ಎರಡರಷ್ಟು ಬಿತ್ತು. ಸೀಟು ಒಂದೇ ಕಾರಿನಲ್ಲಿ ಕೂತಿರುವುದರಿಂದ ನಮಗೆ ಅದು ಲಾಭವೇ. ಟ್ಯಾಕ್ಸಿಯನ್ನೇ ನೆಚ್ಚಿಕೊಂಡವರು ಬೆಲ್ಟಿನದ್ದನ್ನೇ ಕೊಳ್ಳಲಿ, ಕ್ಲಿಪ್ ಇರುವುದನ್ನು ನೋಡಿ. ಭಾವನ ಹಳೆಯ ಕಾರಿನಲ್ಲಿ ಕೊಂಡಿಗಳೇ ಇಲ್ಲ. ಅದರಲ್ಲಿ ಪೆರ್ಲಕ್ಕೆ ಹೋಗುವಾಗ ಹಳೆಯ ಸೀಟನ್ನೇ ಕಟ್ಟುತ್ತೇನೆ, ದಾರಿಯಲ್ಲಿ ಇಳಿದು ಮತ್ತೊಮ್ಮೆ ಜಗ್ಗುತ್ತೇನೆ.