ವಸಂತದ ಬಣ್ಣದ ಕುಕಿ: ಬಣ್ಣ ಹಿಟ್ಟಿಗೋ, ಐಸಿಂಗ್‌ಗೋ?

ಕಡುಗೆಂಪು ಕುಕಿ ಮಾಡುವುದು ಸುಲಭ. ಚಿಗುರು ಹಸಿರು, ತಿಳಿ ಗುಲಾಬಿ, ಆಕಾಶ ನೀಲಿ ಕಷ್ಟ. ಓವನ್ನಿನ ಕಾವಿಗೆ ಹಿಟ್ಟಿನ ಮೇಲ್ಮೈ ಕಂದು ತಿರುಗುವಾಗ ಗಾಢ ಬಣ್ಣ ಅದನ್ನು ನುಂಗಿಕೊಳ್ಳುತ್ತದೆ, ಎಳೆ ಬಣ್ಣಕ್ಕೆ ಆ ಕಸುವಿಲ್ಲ. ಗುಲಾಬಿ ಇಟ್ಟಿಗೆ ಪುಡಿಯಂತಾಗುತ್ತದೆ, ನೀಲಿ ಪಾಚಿಗಟ್ಟುತ್ತದೆ. ಹಾಗಾಗಿ ಯಾವ ಬಣ್ಣ ಕೊಳ್ಳಬೇಕೆಂದು ಯೋಚಿಸುವ ಮೊದಲು ಅದನ್ನು ಹಿಟ್ಟಿಗೆ ಹಾಕುತ್ತೀರೋ, ಬೆಂದ ಮೇಲೆ ಐಸಿಂಗ್‌ನಲ್ಲಿ ಹಚ್ಚುತ್ತೀರೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಒಂದೆಡೆ ಗೆದ್ದ ಬಣ್ಣ ಇನ್ನೊಂದೆಡೆ ಸೋಲುತ್ತದೆ.

ಪರೀಕ್ಷೆಗೆ ಬಳಸಿದ ಹಿಟ್ಟು

ಮೈದಾ 320 ಗ್ರಾಂ, ಉಪ್ಪಿಲ್ಲದ ಬೆಣ್ಣೆ 180 ಗ್ರಾಂ, ಪುಡಿ ಸಕ್ಕರೆ 140 ಗ್ರಾಂ, ಒಂದು ಮೊಟ್ಟೆ (ಚಿಪ್ಪು ತೆಗೆದು ಸುಮಾರು 50 ಗ್ರಾಂ), ಉಪ್ಪು 2 ಗ್ರಾಂ, ವೆನಿಲಾ 1 ಟೀ ಚಮಚ. ಒಟ್ಟು ಹೆಚ್ಚುಕಡಿಮೆ 700 ಗ್ರಾಂ ಆಗುತ್ತದೆ, ಅಂದರೆ ತಲಾ 100 ಗ್ರಾಂನ ಏಳು ಪಾಲು. ಒಂದು ಪಾಲನ್ನು ಬಣ್ಣವಿಲ್ಲದೆ ಬೇಯಿಸಿ ಪಕ್ಕದಲ್ಲಿ ಇಟ್ಟುಕೊಂಡರೆ ಉಳಿದವು ಎಷ್ಟು ಬದಲಾದವೆಂದು ಕಣ್ಣಿಗೆ ತಿಳಿಯುತ್ತದೆ. ಎಲ್ಲವನ್ನೂ 6 ಮಿ.ಮೀ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಫ್ರಿಜ್‌ನಲ್ಲಿ ಒಂದು ಗಂಟೆ ತಣ್ಣಗಾಗಿಸಿ, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ನಿಮಿಷ ಬೇಯಿಸಿದ್ದು.

ಬೇಕಿಂಗ್ ಪೌಡರ್ ಬೇಕೆಂತಲೇ ಬಿಟ್ಟಿದೆ. ಅದು ಹಿಟ್ಟನ್ನು ಹರಡಿಸಿ ಹೂವು, ಚಿಟ್ಟೆ, ಎಲೆಗಳ ಅಂಚು ಕೆಡಿಸುತ್ತದೆ. ಸೋಡಾ ಹಾಕಿದರೆ ಹಿಟ್ಟು ಕ್ಷಾರವಾಗಿ ಬೇಗ ಕಂದಾಗುತ್ತದೆ, ಸಸ್ಯಮೂಲದ ಬಣ್ಣಗಳು ದಿಕ್ಕು ತಪ್ಪುತ್ತವೆ. ಜೇನುತುಪ್ಪ, ಹಾಲಿನ ಪುಡಿಯೂ ಬೇಡ, ಎರಡೂ ಕಂದು ಬಣ್ಣವನ್ನು ಬೇಗ ಕರೆಯುತ್ತವೆ.

ಇನ್ನೊಂದು ತೊಡಕು ಹಳದಿ. ಬೆಣ್ಣೆಯೂ ಹಳದಿ, ಮೊಟ್ಟೆಯ ಭಂಡಾರವೂ ಹಳದಿ. ಅದಕ್ಕೆ ನೀಲಿ ಬೆರೆಸಿದರೆ ಹಸಿರು ಬರುವುದು ಬಣ್ಣದ ತಪ್ಪಲ್ಲ. ನೀಲಿ, ನೇರಳೆಗಾಗಿ ಮಾಡುವ ಹಿಟ್ಟಿಗೆ ಇಡೀ ಮೊಟ್ಟೆಯ ಬದಲು 35 ಗ್ರಾಂ ಬಿಳಿ ಲೋಳೆ ಮತ್ತು 10 ಗ್ರಾಂ ನೀರು ಹಾಕಿ. ಬೆಣ್ಣೆಯನ್ನು ಸಕ್ಕರೆಯೊಂದಿಗೆ ಬೆಳ್ಳಗಾಗುವವರೆಗೆ ಕಡೆಯುವಾಗ ಟೂತ್‌ಪಿಕ್ ತುದಿಯಷ್ಟು ನೇರಳೆ ಜೆಲ್ ಸೇರಿಸಿದರೆ ಹಳದಿ ಛಾಯೆ ತಗ್ಗುತ್ತದೆ. ತುದಿಯಷ್ಟು ಎಂದರೆ ತುದಿಯಷ್ಟೇ, ಹೆಚ್ಚಾದರೆ ಹಿಟ್ಟು ಬೂದಿ ಬಣ್ಣಕ್ಕೆ ಹೋಗುತ್ತದೆ.

ಹಿಟ್ಟಿನೊಳಗೆ: ದ್ರವ, ಜೆಲ್, ಪುಡಿ

ದ್ರವ ಬಣ್ಣ ಮೊದಲ ಸುತ್ತಿನಲ್ಲೇ ಹೊರಬಿತ್ತು. ಬಾಟಲಿಯಲ್ಲಿ ಇರುವುದು ಬಹುಪಾಲು ನೀರು. 100 ಗ್ರಾಂ ಹಿಟ್ಟಿಗೆ ಒಂದು ಟೀ ಚಮಚ ಸುರಿದರೂ ಬಂದದ್ದು ಸಪ್ಪೆ ಗುಲಾಬಿ. ಅಷ್ಟರಲ್ಲಿ ಹಿಟ್ಟು ಮಣೆಗೆ ಅಂಟತೊಡಗಿತ್ತು. ಅಂಟು ಬಿಡಿಸಲು ಮೈದಾ ಉದುರಿಸಿದರೆ ಬಣ್ಣ ಇನ್ನೂ ತೆಳುವಾಗುತ್ತದೆ. ನೀರು ಮತ್ತು ನಾದುವಿಕೆ ಸೇರಿ ಮೈದಾದ ಗ್ಲುಟೆನ್ ಬಿಗಿಯಾಗುತ್ತದೆ, ಕುಕಿ ಪುಡಿಪುಡಿಯಾಗುವ ಬದಲು ಗಟ್ಟಿ ಬಿಸ್ಕತ್ತಿನಂತೆ ಕಚ್ಚುತ್ತದೆ.

ಜೆಲ್ ಬಣ್ಣದಲ್ಲಿ ಈ ಯಾವ ತೊಂದರೆಯೂ ಇಲ್ಲ. 100 ಗ್ರಾಂ ಹಿಟ್ಟಿಗೆ ಟೂತ್‌ಪಿಕ್‌ನಲ್ಲಿ ಎರಡು ಸಲ ಅದ್ದಿದಷ್ಟು ಎಳೆ ಬಣ್ಣಕ್ಕೆ ಸಾಕು, ಗಾಢಕ್ಕೆ ಕಾಲು ಟೀ ಚಮಚದವರೆಗೆ ಬೇಕಾಗಬಹುದು. ಕಲಸಿದ ಕೂಡಲೇ ಕಾಣುವ ಬಣ್ಣವನ್ನು ನಂಬಬೇಡಿ. ಫ್ರಿಜ್‌ನಲ್ಲಿ ಕೂತಷ್ಟು ಹೊತ್ತು ಅದು ಗಾಢವಾಗುತ್ತ ಹೋಗುತ್ತದೆ, ಓವನ್ನಿನಲ್ಲಿ ಮತ್ತೆ ಸ್ವಲ್ಪ ಮಂಕಾಗುತ್ತದೆ. ಹಸಿ ಹಿಟ್ಟಿನಲ್ಲಿ ಬೇಕಾದ ಬಣ್ಣಕ್ಕಿಂತ ಅರ್ಧ ಹೆಜ್ಜೆ ಗಾಢ ಇಟ್ಟುಕೊಳ್ಳುವುದು ಸರಿಯಾದ ಹದ. ಇಡೀ ಹಿಟ್ಟಿಗೆ ಒಂದೇ ಬಣ್ಣವಾದರೆ ಬೆಣ್ಣೆ ಮತ್ತು ಸಕ್ಕರೆ ಕಡೆಯುವಾಗಲೇ ಜೆಲ್ ಹಾಕಿ, ಮೈದಾ ಬಂದ ಮೇಲೆ ನಾದುವ ಕೆಲಸ ತಪ್ಪುತ್ತದೆ. ಪಾಲು ಮಾಡಿ ಬಣ್ಣ ಹಾಕುವುದಾದರೆ ಹಿಟ್ಟನ್ನು ಮಡಿಸಿ ಒತ್ತಿ, ಮಡಿಸಿ ಒತ್ತಿ ಬೆರೆಸಬೇಕು. ಚಪಾತಿ ಹಿಟ್ಟಿನಂತೆ ಎಳೆದು ನಾದಬಾರದು. ಕೈಗವಸು ಇಲ್ಲದಿದ್ದರೆ ಎರಡು ದಿನ ಬೆರಳು ಹಸಿರಾಗಿಯೇ ಇರುತ್ತದೆ.

ಪುಡಿ ರೂಪದ ಕೃತಕ ಬಣ್ಣದಲ್ಲಿ ನೀರಿಲ್ಲ ಎಂಬುದು ಲಾಭದಂತೆ ಕಾಣುತ್ತದೆ. ಆದರೆ ಹೆಚ್ಚಿನವು ನೀರಿನಲ್ಲಿ ಕರಗುವ ಜಾತಿಯವು, ಬೆಣ್ಣೆಯೇ ತುಂಬಿದ ಹಿಟ್ಟಿನಲ್ಲಿ ನೇರ ಹಾಕಿದರೆ ಕರಗದೆ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತವೆ. ನಾಲ್ಕೈದು ಹನಿ ನೀರಿನಲ್ಲಿ ಕರಗಿಸಿಕೊಂಡರೆ ಜೆಲ್‌ಗೆ ಸಮವಾಗುತ್ತದೆ. ಜೆಲ್ ಸಿಗುವಾಗ ಆ ಶ್ರಮ ಯಾಕೆ ಎಂಬುದು ಬೇರೆ ಮಾತು. ಚಾಕೊಲೇಟ್‌ಗೆಂದು ಮಾರುವ ಎಣ್ಣೆ ಆಧಾರಿತ ಬಣ್ಣ ಹಿಟ್ಟಿನಲ್ಲಿ ಚೆನ್ನಾಗಿಯೇ ಬೆರೆಯುತ್ತದೆ, ಮೊಟ್ಟೆಯ ಬಿಳಿ ಲೋಳೆ ಮತ್ತು ಸಕ್ಕರೆಯಿಂದ ಮಾಡುವ ರಾಯಲ್ ಐಸಿಂಗ್‌ಗೆ ಮಾತ್ರ ಹಾಕಬೇಡಿ. ಕೊಬ್ಬು ತಗುಲಿದೊಡನೆ ಬಿಳಿ ಲೋಳೆಯ ನೊರೆ ಕುಸಿಯುತ್ತದೆ.

ಹಿಟ್ಟಿನೊಳಗೆ ಸಸ್ಯಮೂಲದ ಬಣ್ಣ

ಹೆಚ್ಚಿನವರಿಗೆ ನಿರಾಸೆಯಾಗುವುದು ಇಲ್ಲೇ, ಮೊದಲು ಬೀಟ್‌ರೂಟ್‌ನಿಂದ. ಹಸಿ ಹಿಟ್ಟಿನಲ್ಲಿ ಅದರಷ್ಟು ಚೆಂದದ ಗುಲಾಬಿ ಬೇರೆ ಯಾವುದೂ ಕೊಡದು. ಒಂದು ಟೀ ಚಮಚ ಪುಡಿ ಹಾಕಿದ ಪಾಲು ಹೊರಬಂದಾಗ ಮೇಲೆಲ್ಲ ಮಣ್ಣಿನ ಬಣ್ಣ, ಮುರಿದು ನೋಡಿದರೆ ನಡುವೆ ಮಾತ್ರ ಗುಲಾಬಿಯ ನೆರಳು. ಅದರ ವರ್ಣದ್ರವ್ಯ ಬೀಟಾನಿನ್, ಅದಕ್ಕೆ ಕಾವು ತಡೆಯುವುದಿಲ್ಲ. ಮೈದಾದ ಜೊತೆ ಅರ್ಧ ಟೀ ಚಮಚ ನಿಂಬೆರಸ ಹಾಕಿದರೆ ಸ್ವಲ್ಪ ಉಳಿಯುತ್ತದೆ, ಸ್ವಲ್ಪವೇ. ಮಣ್ಣಿನ ವಾಸನೆಯೂ ಜೊತೆಗೇ ಬರುತ್ತದೆ.

ಅರಿಶಿನ ಇದಕ್ಕೆ ತದ್ವಿರುದ್ಧ. ಅದರ ಕರ್ಕ್ಯುಮಿನ್ ಕೊಬ್ಬಿನಲ್ಲಿ ಕರಗುತ್ತದೆ, ಈ ಕಾವನ್ನೂ ತಾಳಿಕೊಳ್ಳುತ್ತದೆ. ಕಾಲು ಟೀ ಚಮಚಕ್ಕೆ 100 ಗ್ರಾಂ ಹಿಟ್ಟು ತುಂಬು ಹಳದಿ. ಅರ್ಧ ಚಮಚ ದಾಟಿದರೆ ಬಾಯಿಗೆ ಪಲ್ಯದ ನೆನಪು ಬರುತ್ತದೆ. ಸೋಡಾ ಇರುವ ಹಿಟ್ಟಿಗೆ ಹಾಕಿದರೆ ಕುಂಕುಮದ ಕಡೆ ವಾಲುತ್ತದೆ, ಏಕೆಂದರೆ ಕ್ಷಾರ ಸೋಕಿದ ಅರಿಶಿನ ಕೆಂಪಾಗುತ್ತದೆ.

ಹಸಿರಿಗೆ ಮಾಚಾ (ಹಸಿರು ಚಹಾ ಎಲೆಯ ನುಣ್ಣನೆ ಪುಡಿ) ಮತ್ತು ಪಾಲಕ್ ಪುಡಿ ಎರಡನ್ನೂ ಹೋಲಿಸಿದರೆ 3 ಗ್ರಾಂ ಮಾಚಾ ಮೇಲು. ಎರಡರಲ್ಲೂ ಇರುವುದು ಕ್ಲೋರೊಫಿಲ್ಲೇ. ಕಾವು ಮತ್ತು ಹುಳಿ ಅದರ ನಡುವಿನ ಮೆಗ್ನೀಸಿಯಂ ಕಿತ್ತುಹಾಕಿದಾಗ ಹಸಿರು ಹೋಗಿ ಬೇಯಿಸಿದ ಸೊಪ್ಪಿನ ಬಣ್ಣ ಬರುತ್ತದೆ. ಮಾಚಾದಲ್ಲಿ ಅಂಚು ಮಾತ್ರ ಹಾಗಾಯಿತು, ಪಾಲಕ್‌ನಲ್ಲಿ ಇಡೀ ಕುಕಿ. ಬೀಟ್‌ರೂಟ್‌ಗೆ ನೆರವಾದ ನಿಂಬೆರಸ ಇಲ್ಲಿ ಶತ್ರು.

ನೇರಳೆ ಗೆಣಸಿನ ಪುಡಿ ಕಾವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಬೆಣ್ಣೆಯ ಹಳದಿ ಸೇರಿ ಬೂದು ಮಿಶ್ರಿತ ನೇರಳೆಯಾಗುತ್ತದೆ. ಶಂಖಪುಷ್ಪದ ಪುಡಿ ಹಿಟ್ಟಿನಲ್ಲಿ ಬೂದು ಹಸಿರಾಗಿ ಕೂತಿತು. ದುಡ್ಡು ದಂಡ.

ಕಾವು ಮತ್ತು ಹೊತ್ತು

ಒಂದೇ ಜೆಲ್ ಹಸಿರನ್ನು ಮೂರು ಕಾವಿನಲ್ಲಿಟ್ಟಾಗ, 180 ಡಿಗ್ರಿಯಲ್ಲಿ 9 ನಿಮಿಷಕ್ಕೇ ಅಂಚು ಕಂದಾಯಿತು, 150ರಲ್ಲಿ 16 ನಿಮಿಷಕ್ಕೆ ಬಣ್ಣ ಉಳಿದರೂ ಕುಕಿ ಒಣಕಲಾಯಿತು. 160 ಸರಿ. ಫ್ಯಾನ್ ಇರುವ ಓವನ್ ಆದರೆ 140ರಿಂದ 145. ಕಪ್ಪು ಟ್ರೇ ತಳವನ್ನು ಬೇಗ ಸುಡುತ್ತದೆ, ತಿಳಿ ಬಣ್ಣದ ಟ್ರೇ ಮೇಲೆ ಬೇಕಿಂಗ್ ಪೇಪರ್ ಹಾಸಿ ನಡು ಅಂತಸ್ತಿನಲ್ಲಿಡಿ. ಏಳನೇ ನಿಮಿಷಕ್ಕೆ ಮೇಲೊಂದು ಫಾಯಿಲ್ ಸಡಿಲವಾಗಿ ಹೊದಿಸಿದರೆ ತಿಳಿ ಗುಲಾಬಿಯೂ ಉಳಿದುಕೊಳ್ಳುತ್ತದೆ. ಬಣ್ಣದ ಹಿಟ್ಟಿನಲ್ಲಿ ಹೊಂಬಣ್ಣ ನೋಡಿ ಬೆಂದಿದೆ ಎನ್ನುವ ಹಾಗಿಲ್ಲ. ಅಂಚು ಮುಟ್ಟಿದರೆ ಗಟ್ಟಿ, ನಡು ಇನ್ನೂ ತುಸು ಮೆದು ಅನ್ನಿಸುವಾಗಲೇ ತೆಗೆಯಿರಿ, ಟ್ರೇಯ ಬಿಸಿಗೆ ಉಳಿದದ್ದು ಬೇಯುತ್ತದೆ.

ಐಸಿಂಗ್‌ನಲ್ಲಿ ಲೆಕ್ಕ ತಿರುಗುತ್ತದೆ

ಕಾವೇ ಇಲ್ಲದಲ್ಲಿ ಸೋತಿದ್ದ ಬೀಟ್‌ರೂಟ್, ಶಂಖಪುಷ್ಪ ಎರಡೂ ಎದ್ದು ಕೂರುತ್ತವೆ. ಹೋಲಿಸಿದ್ದು ಎರಡು ಐಸಿಂಗ್.

ರಾಯಲ್ ಐಸಿಂಗ್: 250 ಗ್ರಾಂ ಐಸಿಂಗ್ ಶುಗರ್, 16 ಗ್ರಾಂ ಮೆರಾಂಗ್ ಪೌಡರ್ (ಒಣಗಿಸಿದ ಬಿಳಿ ಲೋಳೆಯ ಪುಡಿ), 45 ಮಿ.ಲೀ ನೀರು. ಕಡಿಮೆ ವೇಗದಲ್ಲಿ ಐದಾರು ನಿಮಿಷ ಬೀಟ್ ಮಾಡಬೇಕು. ಹಸಿ ಬಿಳಿ ಲೋಳೆ ಬಳಸುವುದಾದರೆ ಪಾಶ್ಚರೀಕರಿಸಿದ್ದೇ ಇರಲಿ, ಇದು ಬೇಯಿಸದೆ ತಿನ್ನುವ ಪದಾರ್ಥ. ಗ್ಲೇಜ್: 200 ಗ್ರಾಂ ಐಸಿಂಗ್ ಶುಗರ್, 30 ಮಿ.ಲೀ ಹಾಲು, 15 ಗ್ರಾಂ ಗ್ಲುಕೋಸ್ ಸಿರಪ್, ಬರಿದೆ ಕಲಕಿದರೆ ಆಯಿತು.

ರಾಯಲ್ ಎಂಟು ಗಂಟೆಯಲ್ಲಿ ಕಲ್ಲಿನಂತೆ ಒಣಗುತ್ತದೆ, ಗೆರೆ ಎಳೆದರೆ ಗೆರೆಯಾಗಿಯೇ ನಿಲ್ಲುತ್ತದೆ. ಗ್ಲೇಜ್‌ಗೆ ಹೊಳಪಿದೆ, ಕಚ್ಚಿದರೆ ಮೃದು. ಒಣಗಲು ಇಡೀ ದಿನ ಬೇಕು, ಅಷ್ಟರಲ್ಲಿ ಪಕ್ಕದ ಬಣ್ಣಕ್ಕೆ ಇಳಿಯುತ್ತದೆ. ಒಂದೇ ಬಣ್ಣ ಬಳಿಯುವ ಕುಕಿಗೆ ಗ್ಲೇಜ್, ಚಿತ್ತಾರಕ್ಕೆ ರಾಯಲ್. ತಿನ್ನಲು ರುಚಿ ಗ್ಲೇಜ್‌ನದ್ದೇ.

ರಾಯಲ್‌ನ ಹದ ನೋಡುವುದು ಹೀಗೆ: ಬಟ್ಟಲಲ್ಲಿ ಚಾಕುವಿನಿಂದ ಗೀರಿದ ಗೆರೆ 15 ಸೆಕೆಂಡಿನಲ್ಲಿ ಮುಚ್ಚಿಕೊಂಡರೆ ಒಳಗೆ ತುಂಬಲು ಸರಿ, 25 ಸೆಕೆಂಡು ಹಿಡಿದರೆ ಅಂಚಿನ ಗೆರೆಗೆ. 10ಕ್ಕಿಂತ ಬೇಗ ಮುಚ್ಚಿದರೆ ಬದಿಯಿಂದ ಹರಿದು ಇಳಿಯುತ್ತದೆ, ಸಣ್ಣ ಜಾಗದಲ್ಲಿ ಗುಳಿ ಬೀಳುತ್ತದೆ. ಒಂದೊಂದೇ ಹನಿ ನೀರು ಸೇರಿಸಿ.

ಪ್ರತಿ 100 ಗ್ರಾಂ ಐಸಿಂಗ್‌ಗೆ ಕಾಲು ಟೀ ಚಮಚ ಬೀಟ್‌ರೂಟ್ ಪುಡಿ ಮತ್ತು ನಾಲ್ಕು ಹನಿ ನಿಂಬೆರಸ ಒಳ್ಳೆಯ ಗುಲಾಬಿ ಕೊಡುತ್ತವೆ. ಫ್ರೀಜ್-ಡ್ರೈ ಮಾಡಿದ ಸ್ಟ್ರಾಬೆರಿಯ ಪುಡಿ 5 ಗ್ರಾಂ ಹಾಕಿದರೆ ಬಣ್ಣ ಇನ್ನೂ ತಿಳಿ, ರುಚಿ ಬಹಳ ಮೇಲು. ಬೀಜ ಜರಡಿ ಹಿಡಿದು ತೆಗೆಯಬೇಕು, ಪುಡಿ ನೀರು ಹೀರುವುದರಿಂದ ಐಸಿಂಗ್ ಗಟ್ಟಿಯಾಗುತ್ತದೆ. ಗುಲಾಬಿಗೆ ನಮ್ಮ ಮತ ಇದಕ್ಕೇ.

ಶಂಖಪುಷ್ಪದ ಹತ್ತು ಒಣ ಹೂವನ್ನು 30 ಮಿ.ಲೀ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದ ಕಷಾಯವನ್ನೇ ಐಸಿಂಗ್‌ನ ನೀರಾಗಿ ಬಳಸಿ. ಹುಳಿ ತಗುಲದಿದ್ದರೆ ಆಕಾಶ ನೀಲಿ, ಒಂದೆರಡು ಹನಿ ನಿಂಬೆರಸ ಬಿದ್ದರೆ ನೇರಳೆ. ಒಂದೇ ಬಟ್ಟಲಿನಿಂದ ಎರಡು ಬಣ್ಣ. ಎಡವುವುದು ಎಲ್ಲೆಂದರೆ, ರಾಯಲ್ ಐಸಿಂಗ್‌ನ ಹಲವು ವಿಧಾನಗಳಲ್ಲಿ ನೊರೆ ನಿಲ್ಲಲೆಂದು ನಿಂಬೆರಸ ಅಥವಾ ಕ್ರೀಮ್ ಆಫ್ ಟಾರ್ಟರ್ ಮೊದಲೇ ಇರುತ್ತದೆ, ಕೆಲವು ಮೆರಾಂಗ್ ಪೌಡರ್‌ಗಳಲ್ಲೂ ಹುಳಿ ಇರುತ್ತದೆ. ಆಗ ನೀಲಿ ಬರುವುದೇ ಇಲ್ಲ. ಪೊಟ್ಟಣದ ಹಿಂದೆ ಓದಿಕೊಳ್ಳಿ.

ಅರಿಶಿನ ಇಲ್ಲಿ ಹಿಂದೆ ಬೀಳುತ್ತದೆ. ನೀರಿನಲ್ಲಿ ಕರಗದೆ ರಾಯಲ್‌ನಲ್ಲಿ ಚುಕ್ಕೆಯಾಗುತ್ತದೆ. ಗ್ಲೇಜ್‌ಗೆ ಹಾಕುವ ಹಾಲನ್ನು ಒಂದು ಚಿಟಿಕೆ ಅರಿಶಿನದೊಂದಿಗೆ ಬಿಸಿ ಮಾಡಿ ಸೋಸಿಕೊಂಡರೆ ನಯವಾದ ಹಳದಿ ಸಿಗುತ್ತದೆ.

ಜೆಲ್ ಬಣ್ಣ ಐಸಿಂಗ್‌ನಲ್ಲೂ ನಿರಾಯಾಸ. ಅತಿಯಾದರೆ ಮಾತ್ರ ಒಣಗಿದ ಮೇಲೆ ಬಿಳಿ ಮಚ್ಚೆ ಏಳುತ್ತದೆ, ಅಥವಾ ಒಣಗುವುದೇ ಇಲ್ಲ. ಕಡುಬಣ್ಣ ಬೇಕಿದ್ದರೆ ಹಿಂದಿನ ದಿನವೇ ಕಲಸಿ ಮುಚ್ಚಿಡಿ, ಕಡಿಮೆ ಜೆಲ್‌ನಲ್ಲೇ ಬಣ್ಣ ಏರುತ್ತದೆ.

ಬಣ್ಣ ಹರಿದಾಡುವುದನ್ನು ತಡೆಯಲು ತಳದ ಬಣ್ಣ ಫ್ಯಾನ್ ಗಾಳಿಯಲ್ಲಿ ಕನಿಷ್ಠ ಒಂದು ಗಂಟೆ ಒಣಗಲಿ, ಆಮೇಲೆ ಮೇಲಿನದು. ಕುಕಿ ಬಿಸಿ ಇರುವಾಗ ಹಚ್ಚಿದರೆ ಬೆಣ್ಣೆ ಮೇಲೆದ್ದು ಎಣ್ಣೆಯ ಕಲೆ ಕಾಣುತ್ತದೆ. ಐಸಿಂಗ್ ಹಚ್ಚಿದ ಕುಕಿಯನ್ನು ಫ್ರಿಜ್‌ನಲ್ಲಿಡಬೇಡಿ, ಹೊರಗೆ ತೆಗೆದಾಗ ಬೆವರಿ ಬಣ್ಣಗಳು ಕಲಸಿಹೋಗುತ್ತವೆ. ಬೀಟ್‌ರೂಟ್ ಮತ್ತು ಅರಿಶಿನದವನ್ನು ಬೆಳಕು ಬೀಳದ ಡಬ್ಬಿಯಲ್ಲಿಡಿ, ಕಿಟಕಿ ಬದಿಯಲ್ಲಿ ಬಣ್ಣ ಬಾಡುತ್ತದೆ.

ಸುರುಳಿ, ಚೌಕಳಿ ಕುಕಿ ಬೇಕೆಂದರೆ

ಆಗ ಐಸಿಂಗ್‌ನಿಂದ ಕೆಲಸವಾಗದು, ಹಿಟ್ಟಿಗೇ ಜೆಲ್ ಹಾಕಬೇಕು. ಎರಡೂ ಬಣ್ಣದ ಹಿಟ್ಟು ಒಂದೇ ಗಟ್ಟಿತನದಲ್ಲಿರಬೇಕು, ಇಲ್ಲವಾದರೆ ಸುತ್ತುವಾಗ ಒಂದು ಬಿರಿಯುತ್ತದೆ, ಇನ್ನೊಂದು ಹಿಸುಕಿಕೊಳ್ಳುತ್ತದೆ. ನಡುವೆ ಬಿಳಿ ಲೋಳೆ ತೆಳುವಾಗಿ ಸವರಿ ಸುತ್ತಿ, ಫ್ರೀಜರ್‌ನಲ್ಲಿ 20 ನಿಮಿಷ ಇಟ್ಟು, 7 ಮಿ.ಮೀ ಬಿಲ್ಲೆಗಳಾಗಿ ಕೊಯ್ಯಿರಿ. ಪ್ರತಿ ಕೊಯ್ತಕ್ಕೂ ಉರುಳೆಯನ್ನು ಕಾಲು ಸುತ್ತು ತಿರುಗಿಸದಿದ್ದರೆ ಒಂದು ಬದಿ ಚಪ್ಪಟೆಯಾಗುತ್ತದೆ.

ಉಳಿದ ಚೂರುಗಳನ್ನು ಉಂಡೆ ಮಾಡಿ ನಾದಬೇಡಿ, ಮೂರು ಬಣ್ಣ ದಾಟಿದರೆ ಕೆಸರಿನ ಬಣ್ಣವೇ ಗತಿ. ಪಕ್ಕ ಪಕ್ಕ ಜೋಡಿಸಿ, ಒಂದೇ ಸಲ ಲಟ್ಟಣಿಗೆ ಎಳೆದು ಕತ್ತರಿಸಿದರೆ ಅಮೃತಶಿಲೆಯಂಥ ಗೆರೆಗಳ ಇನ್ನೊಂದು ಟ್ರೇ ಸಿಗುತ್ತದೆ.