1971ರ ಫೆಂಡರ್ ಪ್ರಿನ್ಸ್‌ಟನ್ ರಿವರ್ಬ್: ರಿಪೇರಿ ಮಾಡಿಸಿ ಐದು ವರ್ಷ ನುಡಿಸಿದ ಮೇಲೆ

ಹಳೇ ಟ್ಯೂಬ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ದನಿ ಹೆಚ್ಚಿಸುವ ಪೆಟ್ಟಿಗೆ) ಕೊಂಡವರಿಗೆಲ್ಲ ಒಂದೇ ಚಿಂತೆ. ಒಳಗಿರುವುದನ್ನು ಎಷ್ಟು ಬದಲಾಯಿಸಬೇಕು, ಎಷ್ಟು ಹಾಗೇ ಬಿಡಬೇಕು? ಐದು ವರ್ಷ ನುಡಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವಯಸ್ಸಾದಂತೆ ಕೆಡುವ ಭಾಗಗಳನ್ನು ಬದಲಾಯಿಸಿ. ಇನ್ನೂ ಚೆನ್ನಾಗಿರುವುದಕ್ಕೆ ಸುಮ್ನೆ ಕೈ ಹಾಕಬೇಡಿ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಈ ಆಂಪ್ ತಯಾರಾಗಿದ್ದೂ ಇಲ್ಲೇ, ಫುಲರ್ಟನ್‌ನಲ್ಲಿ. ಸಂಸ್ಥಾಪಕ ಲಿಯೋ ಫೆಂಡರ್ 1965ರಲ್ಲಿ ಕಂಪನಿಯನ್ನು ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಹಾಗಾಗಿ ಆಮೇಲೆ ಬಂದ ಬೆಳ್ಳಿ ಬಣ್ಣದ ಪ್ಯಾನೆಲ್‌ನ ಆಂಪ್ ಅಂದರೆ ಕೆಲವರಿಗೆ ಸಸಾರ. ಆದರೆ ಪ್ರಿನ್ಸ್‌ಟನ್ ರಿವರ್ಬ್‌ನ ಸರ್ಕ್ಯೂಟ್ ಅದಕ್ಕೂ ಮುಂಚಿನ ಕಪ್ಪು ಪ್ಯಾನೆಲ್ ಕಾಲದ್ದಕ್ಕೆ ತುಂಬಾ ಹತ್ತಿರ. ಬೆಲೆ ಮಾತ್ರ ಕಡಿಮೆ.

ಕೊಳ್ಳುವ ಮುಂಚೆ ಟ್ರಾನ್ಸ್‌ಫಾರ್ಮರ್ ಮೇಲಿನ ನಂಬರ್ ನೋಡಿ. ನನ್ನದರಲ್ಲಿ 606-1-23 ಅಂತಿದೆ. 606 ಅಂದರೆ ಶೂಮಾಕರ್ ಕಂಪನಿ, 1 ಅಂದರೆ ಇಲ್ಲಿ 1971, 23 ಅಂದರೆ ಆ ವರ್ಷದ 23ನೇ ವಾರ. ಸ್ಪೀಕರ್ ಮೇಲೆ 465 ಇದ್ದರೆ ಅದು ಆಕ್ಸ್‌ಫರ್ಡ್ ಕಂಪನಿಯದು, ಮುಂದಿನ ಅಂಕಿಗಳು ಹೀಗೇ ವರ್ಷ, ವಾರ. ಎರಡರ ತಾರೀಖೂ ಹತ್ತಿರವಿದ್ದರೆ ಸಾಮಾನು ಮೂಲದ್ದೇ ಅಂತ ಧೈರ್ಯವಾಗಿ ಹೇಳಬಹುದು.

ತಂದಾಗ ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಬಿಸಿಯಾದರೆ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಸದ್ದು ಬೇರೆ. ಮೊದಲು ತೋರಿಸಿದ ಅಂಗಡಿಯವರು ಒಳಗಿನ ಎಲ್ಲಾ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಭಾಗ), ಸ್ಪೀಕರ್, ಟ್ಯೂಬ್ ಬದಲಾಯಿಸಲೇಬೇಕು ಎಂದರು. ಏನನ್ನೂ ಅಳೆದು ನೋಡಿರಲಿಲ್ಲ. ಅಲ್ಲಿಂದ ವಾಪಸ್ ತಂದು, ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಕೊಟ್ಟೆ.

ಅವರು ಷಾಸಿ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು) ತೆಗೆದ ಕೂಡಲೇ ಮಾಡಿದ ಕೆಲಸ, ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡಿದ್ದು. ಇದರೊಳಗೆ 400 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅಭ್ಯಾಸವಿಲ್ಲದವರು ದಯವಿಟ್ಟು ಬಿಚ್ಚಲು ಹೋಗಬೇಡಿ.

ಗುಂಯ್ ಸದ್ದಿನ ಮೂಲ, ಡಿಸಿ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್. ಒಂದೇ ಅಲ್ಯೂಮಿನಿಯಂ ಡಬ್ಬಿಯಲ್ಲಿ 20 ಮೈಕ್ರೋಫ್ಯಾರಡ್‌ನ ನಾಲ್ಕು ಇರುತ್ತವೆ. ಡಬ್ಬಿಯ ತಳ ಉಬ್ಬಿ, ಅಂಚಿನಲ್ಲಿ ಕಂದು ಬಣ್ಣದ ಗಟ್ಟಿ ಹೊಪ್ಪಳೆ ಕಟ್ಟಿತ್ತು. ಚಟಪಟ ಬರುತ್ತಿದ್ದುದು ಟ್ಯೂಬ್‌ಗೆ ವೋಲ್ಟೇಜ್ ಕೊಡುವ ಒಂದು ಪ್ಲೇಟ್ ರೆಸಿಸ್ಟರ್‌ನಿಂದ. ಅದು 100 ಕಿಲೋಓಂ ಇರಬೇಕಿತ್ತು, ಅಳೆದರೆ 128 ತೋರಿಸಿತು. ಹಳೇ ಕಾರ್ಬನ್ ರೆಸಿಸ್ಟರ್‌ಗಳು ಹೀಗೆ ಮೇಲೇರುವುದು ಮಾಮೂಲು. ಇವೆರಡರ ಜೊತೆ ಬಯಾಸ್ (ಟ್ಯೂಬ್‌ನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್) ಮತ್ತು ಟ್ಯೂಬ್‌ನ ಕ್ಯಾಥೋಡ್ ಭಾಗದಲ್ಲಿದ್ದ, ವಯಸ್ಸಾದಂತೆ ಕೆಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೂ ಹೊಸದಾದವು. ದನಿ ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳಲ್ಲಿ ಡಿಸಿ ಸೋರಿಕೆ ಇರಲಿಲ್ಲ. ಅವನ್ನು ಮುಟ್ಟಲಿಲ್ಲ. ಸ್ಪೀಕರ್ ಕೋನ್‌ನ ಸಣ್ಣ ಹರುಕಿಗೆ ತೆಳು ಕಾಗದ ಅಂಟಿಸಿದರು, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಮೂಲದ್ದೇ ಇರಲಿ ಎಂಬ ಹಟ ಬೇಡ. ಅದು ಎರಡು ಪಿನ್‌ನ ಕರೆಂಟ್ ವೈರ್. ಆ ಕಾಲದ ಇಂಥ ಹಲವು ಆಂಪ್‌ಗಳಲ್ಲಿ ಕರೆಂಟ್ ಲೈನಿನಿಂದ ಷಾಸಿಗೆ ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಷಾಸಿಗೇ ಕರೆಂಟ್. ಗಿಟಾರ್ ತಂತಿಗಳು ಸೇರುವುದೂ ಆ ಷಾಸಿಗೇ, ಅಲ್ವಾ? ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಪ್ರಾಣಕ್ಕೇ ಅಪಾಯ. ಆ ಕೆಪಾಸಿಟರ್ ತೆಗೆಸಿ, ಅರ್ತ್ ಇರುವ ಮೂರು ಪಿನ್ ವೈರ್ ಹಾಕಿಸಿದೆ.

ಇನ್ನು ದನಿ. ವಾಲ್ಯೂಮ್ 3ರವರೆಗೆ ತಿಳಿಯಾಗಿ, ಗಂಟೆಯ ಹಾಗೆ ಕೇಳುತ್ತದೆ. 5 ದಾಟಿದರೆ ಬೆರಳಿನ ಒತ್ತಡಕ್ಕೆ ತಕ್ಕಂತೆ ಒಡೆಯತೊಡಗುತ್ತದೆ. ಮೆಲ್ಲಗೆ ಮೀಟಿದರೆ ಮತ್ತೆ ತಿಳಿ. ದನಿಯನ್ನು ಅಲೆಯಂತೆ ಏರಿಳಿಸುವ ಇದರ ಟ್ರೆಮೊಲೊ ಪವರ್ ಟ್ಯೂಬ್‌ಗಳ ಬಯಾಸನ್ನೇ ಮೇಲೆ ಕೆಳಗೆ ಆಡಿಸುತ್ತದೆ. ಹಾಗಾಗಿ ಆ ಅಲೆ ಮೃದು, ಎಲ್ಲೂ ಕತ್ತರಿಸಿದ ಹಾಗೆ ಅನಿಸುವುದಿಲ್ಲ. ನಿಧಾನದ ಹಾಡಿಗೆ ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗ್‌ನಿಂದ ಬರುವ ಪ್ರತಿಧ್ವನಿ) ಜೊತೆ ಅದನ್ನೂ ಸ್ವಲ್ಪ ಬೆರೆಸಿದರೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ.

ಕೊರತೆಯೂ ಇದೆ. 12 ವಾಟ್, 10 ಇಂಚಿನ ಸ್ಪೀಕರ್. ಜೋರಾಗಿ ಬಾರಿಸುವ ಡ್ರಮ್ಮರ್ ಎದುರು ಮೈಕ್ ಇಡದೆ ಆಗದು. ಹೊಸ 6ವಿ6 ಪವರ್ ಟ್ಯೂಬ್ ಜೋಡಿ ಎರಡು ವರ್ಷಕ್ಕೇ ಸೊರಗಿ, ಇನ್ನೊಂದು ಜೋಡಿ ಹಾಕಿಸಬೇಕಾಯಿತು. ಆದರೆ ಆಂಪ್ ಜೊತೆ ಬಂದಿದ್ದ ಹಳೇ 12ಎಎಕ್ಸ್7 ಸಣ್ಣ ಟ್ಯೂಬ್‌ಗಳು ಇವತ್ತಿಗೂ ಸದ್ದಿಲ್ಲದೆ ಕೆಲಸ ಮಾಡುತ್ತಿವೆ. ಗುಂಯ್ ಸದ್ದು ಮತ್ತೆ ಬಂದಿಲ್ಲ.

ಊರಿಗೆ ಒಯ್ಯಬಹುದಾ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಒಯ್ಯಬಹುದು, ಆದರೆ 230 ವೋಲ್ಟನ್ನು ಇಳಿಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ನಮ್ಮೂರಿನ ಕರೆಂಟಿನ 50 ಹರ್ಟ್ಸನ್ನು ಅಮೆರಿಕದ 60 ಮಾಡುವುದಿಲ್ಲ. 60ಕ್ಕೆಂದೇ ಮಾಡಿದ ಹಳೇ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ತುಂಬಾ ಹೊತ್ತು ನುಡಿಸುವವರು 50 ಹರ್ಟ್ಸ್‌ಗೆ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿಸಿ, ಹಳೆಯದನ್ನು ಜೋಪಾನವಾಗಿ ಎತ್ತಿಡುವುದು ಒಳ್ಳೆಯದು.